ಐನೂರು ಮನೆಗಳ ಮಿತಿ: ಪೆಟಲೂಮ ನಗರದ ಬೆಳವಣಿಗೆಯ ಪ್ರಕರಣ

ನಗರಗಳ ಚರಿತ್ರೆಯನ್ನು ಬರೆಯುವವರ ದೃಷ್ಟಿ ಸಾಮಾನ್ಯವಾಗಿ ಮಹಾನಗರಗಳ ಮೇಲೆಯೇ ಬೀಳುತ್ತದೆ. ರಾಜಧಾನಿಗಳು, ಬಂದರುಗಳು, ಕೈಗಾರಿಕೆಯ ಕೇಂದ್ರಗಳು ಹೇಗೆ ಬೆಳೆದುವೆಂಬುದನ್ನು ಕುರಿತು ಗ್ರಂಥಗಳಿಗೆ ಕೊರತೆಯಿಲ್ಲ. ಒಂದು ಸಣ್ಣ ಊರು ಇಪ್ಪತ್ತು ವರ್ಷಗಳೊಳಗಾಗಿ ಎರಡರಷ್ಟು, ಮೂರರಷ್ಟು ಆದಾಗ ಅಲ್ಲಿನ ಹೊಲಗಳಿಗೆ, ಚರಂಡಿಗಳಿಗೆ, ಶಾಲೆಗಳಿಗೆ ಏನಾಗುವುದು, ಆ ಬೆಳವಣಿಗೆಗೆ ಕಡಿವಾಣ ಹಾಕುವ ಅಧಿಕಾರ ಊರಿನವರಿಗೆ ಎಷ್ಟರ ಮಟ್ಟಿಗೆ ಉಂಟು ಎಂಬ ಪ್ರಶ್ನೆಗಳು ಮಾತ್ರ ನ್ಯಾಯವಾದಿಗಳ ಮತ್ತು ಎಂಜಿನಿಯರುಗಳ ಪಾಲಿಗೆ ಬಿಟ್ಟುಹೋಗಿವೆ. ಅಂತಹ ಒಂದು ಊರಿನ ವೃತ್ತಾಂತವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಪೆಟಲೂಮ ಎಂಬ ಸಣ್ಣ ನಗರವು 1972ರಲ್ಲಿ, ತನ್ನ ಎಲ್ಲೆಯೊಳಗೆ ವರ್ಷಕ್ಕೆ ಐನೂರಕ್ಕಿಂತ ಹೆಚ್ಚು ಹೊಸ ಮನೆಗಳು ಏಳಕೂಡದೆಂದು ವಿಧಿಸಿತು. ಗೃಹನಿರ್ಮಾಪಕರು ನ್ಯಾಯಾಲಯಕ್ಕೆ ಹೋದರು. ಸುಮಾರು ಮೂರು ವರ್ಷ ನಡೆದ ಆ ವ್ಯಾಜ್ಯದಲ್ಲಿ ಕೊನೆಗೆ ನಗರವೇ ಗೆದ್ದಿತು. ನಗರಯೋಜನೆಯ ಪಠ್ಯಗ್ರಂಥಗಳಲ್ಲಿ ಈ ಪ್ರಕರಣಕ್ಕೆ ಒಂದೆರಡು ವಾಕ್ಯಗಳು ಮೀಸಲಾಗಿರುತ್ತವೆ. ಐನೂರು ಎಂಬ ಸಂಖ್ಯೆ ಅವುಗಳಲ್ಲಿ ತಪ್ಪದೆ ಬರುತ್ತದೆ. ಆದರೆ ಆ ಸಂಖ್ಯೆಯೇ ಈ ಚರಿತ್ರೆಯ ಮುಖ್ಯಾಂಶವೆಂದು ತಿಳಿಯುವುದು ತಪ್ಪೆಂದು ನನ್ನ ಅಭಿಪ್ರಾಯ.

ಪೆಟಲೂಮವು ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಉತ್ತರದಲ್ಲಿ ಸುಮಾರು 40 ಮೈಲಿಗಳ ದೂರದಲ್ಲಿ, ಸೊನೋಮ ಕೌಂಟಿಯಲ್ಲಿದೆ. ಅದೇ ಹೆಸರಿನ ನದಿಯೊಂದು ಊರಿನ ನಡುವೆ ಹರಿಯುತ್ತದೆ. ನದಿಯೆಂಬುದು ಗೌರವದ ಮಾತು. ಅದು ನಿಜವಾಗಿ ಸಮುದ್ರದ ಉಬ್ಬರವಿಳಿತಗಳಿಗೆ ಒಳಪಟ್ಟ ಒಂದು ಹಳ್ಳ. 1959ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅದಕ್ಕೆ ನದಿಯೆಂಬ ಹೆಸರನ್ನು ಕೊಟ್ಟಿತು. ಹೂಳೆತ್ತುವ ಕೆಲಸಕ್ಕೆ ಕೇಂದ್ರದ ಹಣ ಒದಗಬೇಕಾದರೆ ಹಳ್ಳವು ನದಿಯಾಗುವುದು ಅನುಕೂಲವಾಗಿದ್ದಿತು. 1849ರ ಚಿನ್ನದ ಹುಚ್ಚಿನ ಕಾಲದಿಂದ ಈ ಹಳ್ಳದ ಮೂಲಕವೇ ಧಾನ್ಯ, ಆಲೂಗೆಡ್ಡೆ, ಹುಲ್ಲು ಮುಂತಾದುವು ದೋಣಿಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುತ್ತಿದ್ದುವು. 1858ರಲ್ಲಿ ಊರಿಗೆ ಪೌರಾಡಳಿತದ ಸನ್ನದು ದೊರೆಯಿತು. 1906ರ ಮಹಾಭೂಕಂಪವು ನೆರೆಯ ಸ್ಯಾಂಟ ರೋಸ ಪಟ್ಟಣವನ್ನು ನೆಲಸಮ ಮಾಡಿದರೂ ಪೆಟಲೂಮದ ಎರಕದ ಕಬ್ಬಿಣದ ಮುಖಭಾಗವುಳ್ಳ ಹಳೆಯ ಅಂಗಡಿಬೀದಿ ಬಹುಮಟ್ಟಿಗೆ ಉಳಿದುಕೊಂಡಿತು. ಊರಿನ ಹಳೆಯ ರೂಪವನ್ನು ಕಾಪಾಡಬೇಕೆಂದು ಮುಂದೆ ಎದ್ದ ಕೂಗಿಗೆ ಕಣ್ಣಿಗೆ ಕಾಣುವ ಆಧಾರವಾಗಿದ್ದುದು ಈ ಬೀದಿ.

ಆದರೆ ಪೆಟಲೂಮಕ್ಕೆ ಖ್ಯಾತಿಯನ್ನು ತಂದುದು ಕೋಳಿಮೊಟ್ಟೆ. 1879ರಲ್ಲಿ ಲೈಮನ್ ಬೈಸ್ ಎಂಬಾತನು ದಂತವೈದ್ಯನಾದ ಐಸಾಕ್ ಡಯಾಸ್ ಎಂಬ ಜೊತೆಗಾರನೊಡನೆ ಇಲ್ಲಿ ಮೊಟ್ಟೆಗಳಿಗೆ ಕಾವು ಕೊಡುವ ಯಂತ್ರವೊಂದನ್ನು ಸಿದ್ಧಪಡಿಸಿದನು. ಅಂದಿನಿಂದ ಮೊದಲ್ಗೊಂಡು ಕೋಳಿಸಾಕಣೆಯು ಸುತ್ತಣ ಗುಡ್ಡಗಳಲ್ಲೆಲ್ಲ ಹರಡಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪೆಟಲೂಮವು ಪ್ರಪಂಚದ ಮೊಟ್ಟೆಯ ಬುಟ್ಟಿಯೆಂದು ತನ್ನನ್ನು ತಾನೇ ಕರೆದುಕೊಳ್ಳುವಷ್ಟಾಯಿತು. ಇಲ್ಲಿ ಗಮನಿಸಬೇಕಾದುದು ಭೂಮಿಯ ಹಿಡುವಳಿಯ ಸ್ವರೂಪ. ಕೆಲವೇ ಎಕರೆಗಳ ಒಂದು ತುಂಡು ನೆಲದಲ್ಲಿ ಒಂದು ಸಂಸಾರ ಕೋಳಿಗಳನ್ನು ಸಾಕಿ ಬದುಕಬಹುದಾಗಿದ್ದಿತು. ಹೀಗಾಗಿ ಊರಿನ ಸುತ್ತಲಿನ ನೆಲವು ಸಣ್ಣ ಸಣ್ಣ ಒಡೆತನಗಳಾಗಿ ಹಂಚಿಹೋಗಿದ್ದಿತು. ಎರಡನೆಯ ಮಹಾಯುದ್ಧದ ಬಳಿಕ ದೊಡ್ಡ ಯಂತ್ರೀಕೃತ ಕೋಳಿಸಾಕಣೆಯ ಪೈಪೋಟಿಯಲ್ಲಿ ಈ ಸಣ್ಣ ಹಿಡುವಳಿಗಳು ನಿಲ್ಲಲಾರದೆ ಹೋದುವು. ಗೃಹನಿರ್ಮಾಪಕನು ಬಂದು ಬೆಲೆ ಹೇಳಿದಾಗ ಮಾರಲು ಒಪ್ಪದ ಕೋಳಿಸಾಕಣೆಗಾರರು ವಿರಳವಾಗಿದ್ದಿರಬೇಕು. ಹೊಸ ಬಡಾವಣೆಗಳು ಹೊಲಗಳನ್ನು ನುಂಗಿದುವೆಂದು ಹೇಳುವುದು ವಾಡಿಕೆ. ಹೊಲಗಳು ಅದಾಗಲೇ ಸೋತಿದ್ದುವೆಂಬುದೂ ಅಷ್ಟೇ ನಿಜ.

ಎರಡು ನಿರ್ಮಾಣಗಳು ಊರಿನ ಹಣೆಯ ಬರಹವನ್ನು ತಿದ್ದಿದುವು. 1937ರಲ್ಲಿ ಗೋಲ್ಡನ್ ಗೇಟ್ ಸೇತುವೆ ತೆರೆದುದರಿಂದ ಉತ್ತರದ ಕೌಂಟಿಗಳು ಸ್ಯಾನ್ ಫ್ರಾನ್ಸಿಸ್ಕೊಗೆ ನೇರವಾಗಿ ಕೂಡಿಕೊಂಡುವು. 1950ರ ದಶಕದ ಮಧ್ಯದಲ್ಲಿ 101ನೆಯ ಹೆದ್ದಾರಿಯು ಹಳೆಯ ಪೇಟೆಯನ್ನು ಬಿಟ್ಟು ಅದರ ಪೂರ್ವಕ್ಕೆ ಹೊಸ ಮಾರ್ಗದಲ್ಲಿ ಹಾದುಹೋಯಿತು. ಹೆದ್ದಾರಿಯ ಪಶ್ಚಿಮಕ್ಕೆ ಹಳೆಯ ಊರು ಮತ್ತು ಗುಡ್ಡಗಳು. ಪೂರ್ವಕ್ಕೆ ಸಮತಟ್ಟಾದ, ಅಗ್ಗವಾದ, ಮನೆ ಕಟ್ಟುವುದಕ್ಕೆ ಹೇಳಿಮಾಡಿಸಿದಂತಹ ಬಯಲು. ಮಹಾನಗರದಲ್ಲಿ ದುಡಿದು ಸಂಜೆ ಮನೆಗೆ ಹಿಂದಿರುಗುವವರಿಗೆ ಈ ಬಯಲು ಹಿಡಿಸಿತು. ಜನಗಣತಿಯ ಅಂಕಿಗಳು ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ. 1950ರಲ್ಲಿ 10,315 ಇದ್ದ ಜನಸಂಖ್ಯೆ 1960ರಲ್ಲಿ 14,035 ಆಯಿತು. 1970ರಲ್ಲಿ 24,870 ಆಯಿತು. ಮುಂದೆ ಎರಡು ವರ್ಷಗಳ ಸುಮಾರಿನಲ್ಲಿ 30,000ವನ್ನು ದಾಟಿತು.

ಮನೆಗಳ ಲೆಕ್ಕವು ಇನ್ನೂ ಹೆಚ್ಚಿನ ಬೆಳಕನ್ನು ಚೆಲ್ಲುತ್ತದೆ. ನ್ಯಾಯಾಲಯದ ದಾಖಲೆಯಲ್ಲಿ ಬಂದಿರುವ ಪ್ರಕಾರ 1964ರಲ್ಲಿ 270 ಮನೆಗಳು ಪೂರ್ಣಗೊಂಡುವು. 1965ರಲ್ಲಿ 440, 1966ರಲ್ಲಿ 321, 1967ರಲ್ಲಿ 234, 1968ರಲ್ಲಿ 379, 1969ರಲ್ಲಿ 358. ಆಮೇಲೆ ಒಮ್ಮೆಲೆ ಏರಿಕೆ ಕಾಣುತ್ತದೆ: 1970ರಲ್ಲಿ 591, 1971ರಲ್ಲಿ 891. ಈ ಮನೆಗಳ ಮಾದರಿಯೂ ಗಮನಾರ್ಹವಾದುದು. 1960ರಿಂದ 1970ರ ವರೆಗಿನ ನಿರ್ಮಾಣವೆಲ್ಲ ಬಹುತೇಕ ಏಕರೂಪವಾಗಿ 6,000 ಚದರಡಿಯ ನಿವೇಶನಗಳಲ್ಲಿ, ಚದುರಂಗದ ಹಲಗೆಯಂತಹ ಬೀದಿಗಳಲ್ಲಿ ನಡೆದಿದ್ದಿತು. ನಮ್ಮ ಕಡೆಯ ಅರವತ್ತು–ನಲವತ್ತರ ನಿವೇಶನದ ಎರಡೂವರೆಯಷ್ಟು ನೆಲದಲ್ಲಿ ಒಂದೇ ಒಂದು ಸಂಸಾರದ ಮನೆ. ಎಕರೆಗೆ ಸುಮಾರು ನಾಲ್ಕೂವರೆ ಮನೆ. ಆ ಹತ್ತು ವರ್ಷಗಳಲ್ಲಿ ಕೊಟ್ಟ ಮನೆ ಪರವಾನಗಿಗಳಲ್ಲಿ ನೂರಕ್ಕೆ 88 ಇಂತಹ ಬಿಡಿಮನೆಗಳಿಗೆ ಸಂದುವು. ಬಾಡಿಗೆದಾರರಿಗೆ, ಮುದುಕರಿಗೆ, ಹೊಸದಾಗಿ ಸಂಸಾರ ಹೂಡಿದವರಿಗೆ ಒದಗಬಹುದಾದ, ಹಲವು ಸಂಸಾರಗಳು ಒಂದೇ ಕಟ್ಟಡದಲ್ಲಿ ವಾಸಮಾಡುವ ವಠಾರಗಳು ಪೂರ್ವಭಾಗದಲ್ಲಿ ತೀರ ಕಡಮೆಯಾಗಿದ್ದುವು. ಎಕರೆಗೆ ನಾಲ್ಕೂವರೆಯ ಲೆಕ್ಕದಲ್ಲಿ 1971ರ 891 ಮನೆಗಳಿಗೆ ರಸ್ತೆ, ಶಾಲೆಗಳನ್ನು ಬಿಟ್ಟು ಸುಮಾರು 200 ಎಕರೆ ನೆಲ ಬೇಕಾಗುತ್ತದೆ. ಒಂದು ಸಣ್ಣ ಊರಿಗೆ ಇದು ಒಂದು ವರ್ಷದ ಖರ್ಚು.

ಪೂರ್ವದ ಶಾಲೆಗಳಲ್ಲಿ ಮಕ್ಕಳಿಗೆ ಸ್ಥಳ ಸಾಲದಾಯಿತು. ಕೊಳಚೆ ನೀರನ್ನು ಶುದ್ಧಿಮಾಡುವ ಸ್ಥಾವರದ ಶಕ್ತಿ ಮುಗಿಯುತ್ತ ಬಂದಿದೆಯೆಂದು ನಗರಸಭೆ ಹೇಳತೊಡಗಿತು. 1971ರ ಆರಂಭದಲ್ಲಿ ಅದು ಹೊಸ ನಿರ್ಮಾಣವನ್ನು ತಾತ್ಕಾಲಿಕವಾಗಿ ತಡೆಹಿಡಿದು, ಆ ಅವಕಾಶದಲ್ಲಿ ಮೇಲೆ ಹೇಳಿದ ಅಂಕಿ ಅಂಶಗಳನ್ನು ಕಲೆಹಾಕಿಸಿತು. 1972ರಲ್ಲಿ ಯೋಜನೆಯೊಂದನ್ನು ಅಂಗೀಕರಿಸಿತು. ಅದರ ಅವಧಿ ಐದು ವರ್ಷ.

ಈ ಯೋಜನೆಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಮೊದಲನೆಯದಾಗಿ ಐನೂರರ ಮಿತಿ ಎಲ್ಲ ಮನೆಗಳಿಗೂ ಅನ್ವಯಿಸುತ್ತಿರಲಿಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ಮನೆಗಳುಳ್ಳ ನಿರ್ಮಾಣಗಳಿಗೆ ಮಾತ್ರ ಅದು ಸಲ್ಲುತ್ತಿದ್ದಿತು. ತನ್ನ ನಿವೇಶನದಲ್ಲಿ ತಾನು ಮನೆ ಕಟ್ಟಿಕೊಳ್ಳುವವನಿಗೆ, ನಾಲ್ಕು ಮನೆಗಳ ಒಂದು ವಠಾರವನ್ನು ಕಟ್ಟುವವನಿಗೆ ಅಡ್ಡಿಯಿರಲಿಲ್ಲ. ಎರಡನೆಯದಾಗಿ, ಆ ಐನೂರನ್ನು ಹೆದ್ದಾರಿಯ ಪೂರ್ವ ಪಶ್ಚಿಮಗಳ ನಡುವೆ ಮತ್ತು ಬಿಡಿಮನೆ, ಬಹುಕುಟುಂಬಗೃಹಗಳ ನಡುವೆ ಸಾಧ್ಯವಾದಷ್ಟು ಸಮನಾಗಿ ಹಂಚಬೇಕು. ಊರಿನ ನಡುವಣ ಖಾಲಿ ನೆಲವು ಮೊದಲು ತುಂಬಬೇಕು, ಅಂಚು ಆಮೇಲೆ. ಒಪ್ಪಿಗೆ ಪಡೆದ ಮನೆಗಳಲ್ಲಿ ನೂರಕ್ಕೆ 8ರಿಂದ 12 ಕಡಮೆ ಮತ್ತು ಮಧ್ಯಮ ವರಮಾನದವರಿಗೆ ಮೀಸಲಾಗಬೇಕು. ಊರಿನ ಸುತ್ತ 200 ಅಡಿ ಅಗಲದ ಒಂದು ಹಸಿರು ಪಟ್ಟಿಯಿದ್ದು, ಕನಿಷ್ಠ ಐದು ವರ್ಷ, ಪೂರ್ವ ಉತ್ತರ ದಿಕ್ಕುಗಳಲ್ಲಿ ಪ್ರಾಯಶಃ ಹತ್ತು ಹದಿನೈದು ವರ್ಷ, ಅದನ್ನು ದಾಟಿ ಊರು ಬೆಳೆಯಕೂಡದು. ಹಸಿರು ಪಟ್ಟಿಯೆಂದೊಡನೆ ಕಾಡನ್ನು ಕಲ್ಪಿಸಿಕೊಳ್ಳಬಾರದು. ಇನ್ನೂರು ಅಡಿ ಎಂಬುದು ಒಂದು ಕಲ್ಲೆಸೆತದ ದೂರ. ಅದು ನೆಲದ ಮೇಲೆ ಎಳೆದ ಗೆರೆಯೇ ಹೊರತು ಬೇರಲ್ಲ.

ವರ್ಷಕ್ಕೊಮ್ಮೆ ನಿರ್ಮಾಪಕರು ತಮ್ಮ ನಕ್ಷೆಗಳನ್ನು ಸಲ್ಲಿಸುವರು. ಮಂಡಲಿಯೊಂದು ಅವನ್ನು ಪರೀಕ್ಷಿಸಿ ಅಂಕ ಕೊಡುವುದು. ನೀರು, ಒಳಚರಂಡಿ, ಶಾಲೆ, ರಸ್ತೆ ಮುಂತಾದ ಸೌಕರ್ಯಗಳು ಆ ಸ್ಥಳದಲ್ಲಿ ಈಗಾಗಲೇ ಇವೆಯೆ ಎಂಬುದಕ್ಕೆ ಒಂದು ಬಗೆಯ ಅಂಕಗಳು. ರಚನೆಯ ಅಂದ, ಬಯಲು ಜಾಗ, ಬಡವರ ಮನೆಗಳು ಮುಂತಾದುವಕ್ಕೆ ಇನ್ನೊಂದು ಬಗೆಯವು. ಹೆಚ್ಚು ಅಂಕ ಪಡೆದವರಿಗೆ ಆ ವರ್ಷದ ಪರವಾನಗಿ. ನಮ್ಮ ವಿದ್ಯಾರ್ಥಿಗಳಿಗೆ ಇದು ಚಿರಪರಿಚಿತವಾದ ವ್ಯವಸ್ಥೆಯೇ ಸರಿ. ಅಂಕಗಳ ಕ್ರಮವನ್ನು ಪೆಟಲೂಮವೇ ಮೊದಲು ಕಂಡುಹಿಡಿದುದಲ್ಲ. ನ್ಯೂಯಾರ್ಕ್ ರಾಜ್ಯದ ರಾಮಪೊ ಎಂಬ ಊರು ಹದಿನೆಂಟು ವರ್ಷಗಳ ಯೋಜನೆಯೊಂದನ್ನು ಮಾಡಿ, ಸೌಕರ್ಯಗಳು ಒದಗಿದಂತೆ ನೆಲವನ್ನು ಬಿಡುಗಡೆ ಮಾಡುವ ಪದ್ಧತಿಯನ್ನು ತಂದಿದ್ದಿತು. 1972ರಲ್ಲಿ ಆ ರಾಜ್ಯದ ಉಚ್ಚತಮ ನ್ಯಾಯಾಲಯ ಅದನ್ನು ಎತ್ತಿಹಿಡಿದಿದ್ದಿತು. ಪೆಟಲೂಮವು ಅದಕ್ಕೆ ವರ್ಷದ ಸಂಖ್ಯೆಯೊಂದನ್ನು ಸೇರಿಸಿತು. ಆ ಸಂಖ್ಯೆಯೇ ವ್ಯಾಜ್ಯಕ್ಕೆ ಮೂಲವಾಯಿತು.

ಇಲ್ಲಿ ನಮ್ಮ ಮತ್ತು ಅವರ ಪದ್ಧತಿಗಳ ನಡುವಣ ಒಂದು ವ್ಯತ್ಯಾಸವನ್ನು ಹೇಳದಿದ್ದರೆ ವಾಚಕರಿಗೆ ಗೊಂದಲವಾದೀತು. ಮೈಸೂರಿನಲ್ಲಿ 1903ರಷ್ಟು ಹಿಂದೆಯೇ ಏರ್ಪಟ್ಟ ನಗರಾಭಿವೃದ್ಧಿ ಮಂಡಲಿಯಂತಹ ಸಂಸ್ಥೆಗಳು ತಾವೇ ನೆಲವನ್ನು ಸ್ವಾಧೀನಪಡಿಸಿಕೊಂಡು, ಬಡಾವಣೆಗಳನ್ನು ನಿರ್ಮಿಸಿ, ನಿವೇಶನಗಳನ್ನು ಹಂಚಿದುವು. ಪೆಟಲೂಮ ನಗರಸಭೆಯ ಯೋಜನೆಯಲ್ಲಿ ಅಂತಹದಿರಲಿಲ್ಲ. ನೆಲ ಖಾಸಗಿಯವರದು, ಬಂಡವಾಳ ಖಾಸಗಿಯವರದು. ನಗರಸಭೆಯ ಕೈಯಲ್ಲಿದ್ದುದು ಪರವಾನಗಿಯೊಂದೇ. ಬೇಡವೆನ್ನುವ ಅಧಿಕಾರ ಅದಕ್ಕಿದ್ದಿತು. ಕಟ್ಟುವ ಶಕ್ತಿ ಇರಲಿಲ್ಲ. ಬಡವರಿಗೆ ನೂರಕ್ಕೆ ಹನ್ನೆರಡು ಮನೆ ಬೇಕೆಂದು ಬರೆಯಬಹುದಾಗಿತ್ತು. ಯಾವ ನಿರ್ಮಾಪಕನೂ ಮುಂದೆ ಬಾರದಿದ್ದರೆ ಆ ಬರಹ ಕಾಗದದಲ್ಲೇ ಉಳಿಯುವುದು. ಯೋಜನೆಯ ಗುಣದೋಷಗಳೆರಡೂ ಈ ಒಂದು ಸಂಗತಿಯಿಂದ ಹುಟ್ಟಿದುವೆಂದರೆ ತಪ್ಪಾಗಲಾರದು.

ಸೊನೋಮ ಕೌಂಟಿಯ ನಿರ್ಮಾಣೋದ್ಯಮ ಸಂಘವೂ ಇಬ್ಬರು ಭೂಮಾಲಿಕರೂ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. 1974ರಲ್ಲಿ ನ್ಯಾಯಾಧೀಶ ಲಾಯ್ಡ್ ಬರ್ಕ್ ಅವರು ಯೋಜನೆಯು ರಾಜ್ಯಾಂಗವಿರುದ್ಧವೆಂದು ತೀರ್ಪಿತ್ತರು. ಅವರು ಹಿಡಿದ ದಾರಿ ಅನಿರೀಕ್ಷಿತವಾದುದು. ಆಸ್ತಿಯ ಹಕ್ಕನ್ನು ಅವರು ಮುಂದೆಮಾಡಲಿಲ್ಲ. ಸಂಚಾರ ಸ್ವಾತಂತ್ರ್ಯವನ್ನು ಮುಂದೆಮಾಡಿದರು. ಯಾವ ಪೌರನಾದರೂ ತಾನು ಇಚ್ಛಿಸಿದ ಊರಿಗೆ ಹೋಗಿ ನೆಲಸುವುದಕ್ಕೆ ಹಕ್ಕುಳ್ಳವನು. ತನ್ನ ಬಾಗಿಲಿಗೆ ಬರುವವರ ಸಂಖ್ಯೆಯನ್ನು ಊರು ನಿಗದಿಮಾಡಿದರೆ ಆ ಹಕ್ಕಿಗೆ ಭಂಗ ಬರುತ್ತದೆ, ಎಂಬುದು ಅವರ ವಾದದ ಸಾರ. ಕೊಳಚೆ ನೀರು, ಕುಡಿಯುವ ನೀರು, ಊರಿನ ಸಣ್ಣತನದ ಸ್ವಭಾವ ಎಂದು ನಗರಸಭೆ ಒಡ್ಡಿದ ಮೂರು ಸಮರ್ಥನೆಗಳಲ್ಲಿ ಒಂದನ್ನೂ ಅವರು ಒಪ್ಪಲಿಲ್ಲ.

ನಮ್ಮ ರಾಜ್ಯಾಂಗದ 19ನೆಯ ಅನುಚ್ಛೇದದಲ್ಲಿ ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲಸುವ ಹಕ್ಕುಗಳನ್ನು ಬಿಡಿಸಿ ಹೇಳಿದೆ. ಅಮೆರಿಕದ ರಾಜ್ಯಾಂಗದಲ್ಲಿ ಅಂತಹ ವಾಕ್ಯವಿಲ್ಲ. ನ್ಯಾಯಾಲಯಗಳು ಅದನ್ನು ಕಾಲಕ್ರಮದಲ್ಲಿ ವ್ಯಾಖ್ಯಾನದಿಂದ ಪಡೆದಿವೆ. ಆ ವ್ಯಾಖ್ಯಾನದ ಒಂದು ಮುಖ್ಯ ಘಟ್ಟವು ಕ್ಯಾಲಿಫೋರ್ನಿಯದ್ದೇ ಎಂಬುದು ಚರಿತ್ರೆಯ ವಿದ್ಯಾರ್ಥಿಗೆ ಸ್ವಾರಸ್ಯವಾದ ಸಂಗತಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಓಕ್ಲಹೋಮ ಮುಂತಾದ ಕಡೆಗಳಿಂದ ಬರಗಾಲದ ರೈತರು ಗುಂಪುಗುಂಪಾಗಿ ಬಂದಾಗ, ನಿರ್ಗತಿಕನೊಬ್ಬನನ್ನು ರಾಜ್ಯದೊಳಕ್ಕೆ ಕರೆತರುವುದು ಕ್ಯಾಲಿಫೋರ್ನಿಯದ ಕಾನೂನಿನಂತೆ ಅಪರಾಧವಾಗಿದ್ದಿತು. ತನ್ನ ಹೆಂಡತಿಯ ತಮ್ಮನನ್ನು ಕರೆತಂದುದಕ್ಕಾಗಿ ಶಿಕ್ಷೆಗೊಳಗಾದ ಎಡ್ವರ್ಡ್ಸ್ ಎಂಬಾತನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1941ರಲ್ಲಿ ಆ ಕಾನೂನನ್ನು ತೊಡೆದುಹಾಕಿತು. ಮೂವತ್ತು ವರ್ಷಗಳ ಬಳಿಕ ಅದೇ ರಾಜ್ಯದ ಒಂದು ಊರು ಬಾಗಿಲನ್ನು ಮುಚ್ಚಲಿಲ್ಲ, ಕಿರಿದುಮಾಡಿತು. ಇವೆರಡೂ ಒಂದೇ ಜಾತಿಯವೇ ಎಂಬುದೇ ನಿಜವಾಗಿ ತೀರ್ಮಾನವಾಗಬೇಕಾಗಿದ್ದ ಪ್ರಶ್ನೆ.

ಅದು ತೀರ್ಮಾನವಾಗಲಿಲ್ಲ. ನಗರಸಭೆಯ ಮೇಲ್ಮನವಿಯನ್ನು ಒಂಬತ್ತನೆಯ ವಿಭಾಗದ ಮೇಲ್ಮನವಿ ನ್ಯಾಯಾಲಯವು ಕೇಳಿ, 1975ರ ಆಗಸ್ಟ್ 13ರಂದು ಕೆಳಗಿನ ತೀರ್ಪನ್ನು ತಳ್ಳಿಹಾಕಿತು. ತೀರ್ಪನ್ನು ಬರೆದವರು ನ್ಯಾಯಾಧೀಶ ಹರ್ಬರ್ಟ್ ಚೊಯ್. (ಅಪ್ರಸ್ತುತವಾದರೂ ಹೇಳಬಹುದು: ಇವರು ಹವಾಯಿ ದ್ವೀಪಗಳಿಗೆ ವಲಸೆ ಬಂದ ಕೊರಿಯದ ದಂಪತಿಗಳ ಮಗ; ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ನೇಮಕವಾದ ಏಷ್ಯಾ ಮೂಲದ ಮೊದಲ ಅಮೆರಿಕನ್.) ನಿರ್ಮಾಪಕರ ಸಂಘವು ತನ್ನ ಸದಸ್ಯರ ಹಕ್ಕುಗಳ ಪರವಾಗಿ ಮಾತನಾಡಬಹುದು, ಪೆಟಲೂಮಕ್ಕೆ ಬರಲಿಚ್ಛಿಸಿ ಬರಲಾಗದವರ ಪರವಾಗಿ ಮಾತನಾಡುವ ಅರ್ಹತೆ ಅದಕ್ಕಿಲ್ಲವೆಂದು ಅವರು ಹೇಳಿದರು. ಹೀಗೆ ಸಂಚಾರ ಸ್ವಾತಂತ್ರ್ಯದ ಪ್ರಶ್ನೆ ವಿಚಾರಣೆಗೇ ಬರದೆ ಹೊರಗುಳಿಯಿತು. ಉಳಿದುದು, ಯೋಜನೆಗೆ ಸಾರ್ವಜನಿಕ ಹಿತದೊಡನೆ ಯುಕ್ತವಾದ ಸಂಬಂಧ ಉಂಟೇ ಎಂಬ ಸಡಿಲವಾದ ಪರೀಕ್ಷೆ ಮಾತ್ರ. 1926ರಲ್ಲಿ ಯೂಕ್ಲಿಡ್ ಗ್ರಾಮದ ಮೊಕದ್ದಮೆಯಲ್ಲಿ ವಲಯ ವಿಂಗಡಣೆಯನ್ನು ಒಪ್ಪಿದಂದಿನಿಂದಲೂ ಈ ಪರೀಕ್ಷೆಯಲ್ಲಿ ಊರುಗಳು ಸೋಲುವುದು ಅಪರೂಪ. 1974ರ ಬೆಲ್ ಟೆರ್ ತೀರ್ಪು ಆ ಸಡಿಲವನ್ನು ಇನ್ನಷ್ಟು ಹೆಚ್ಚಿಸಿದ್ದಿತು. ತನ್ನ ಸಣ್ಣ ಊರಿನ ಸ್ವರೂಪವನ್ನೂ ಸುತ್ತಣ ಬಯಲನ್ನೂ ಉಳಿಸಿಕೊಂಡು ಕ್ರಮವಾಗಿ ಬೆಳೆಯಬೇಕೆಂಬ ಪೆಟಲೂಮದ ಇಚ್ಛೆಯು ಸಾರ್ವಜನಿಕ ಹಿತದೊಳಗೇ ಅಡಕವಾಗಿದೆಯೆಂದು ನ್ಯಾಯಾಲಯವು ಅಭಿಪ್ರಾಯಪಟ್ಟಿತು. 1976ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂದಿನ ವಿಚಾರಣೆಗೆ ಒಪ್ಪದೆ ಹೋದುದರಿಂದ ಇದೇ ಕೊನೆಯ ಮಾತಾಯಿತು.

ಕೆಳಗಿನ ನ್ಯಾಯಾಲಯದ ಮುಂದೆ ಬಂದ ಸಾಕ್ಷ್ಯವನ್ನು ಮೇಲಿನ ನ್ಯಾಯಾಲಯವು ಅಲ್ಲಗಳೆಯಲಿಲ್ಲವೆಂಬುದನ್ನು ಇಲ್ಲಿ ಗುರುತಿಸಬೇಕು. ಇಂತಹ ಯೋಜನೆಗಳನ್ನು ಸ್ಯಾನ್ ಫ್ರಾನ್ಸಿಸ್ಕೊ ಪ್ರಾಂತದ ಊರುಗಳೆಲ್ಲ ಕೈಗೊಂಡಲ್ಲಿ 1970–80ರ ದಶಕದಲ್ಲಿ ಬೇಕಾದ ಮನೆಗಳಲ್ಲಿ ನೂರಕ್ಕೆ ಸುಮಾರು 25ರಷ್ಟು ಕೊರತೆ ಬೀಳುವುದೆಂದೂ, ವರ್ಷಕ್ಕೆ 14,000 ಡಾಲರು ಅಥವಾ ಅದಕ್ಕೂ ಕಡಮೆ ವರಮಾನವುಳ್ಳವರಿಗೆ ದೊರೆಯುವ ಮನೆಗಳು ಕ್ಷೀಣಿಸುವುವೆಂದೂ ತೋರಿಸಲಾಗಿದ್ದಿತು. ಪ್ರಾಂತದ ಹಿತವನ್ನು ನೋಡಿಕೊಳ್ಳಬೇಕಾದುದು ರಾಜ್ಯದ ಶಾಸನಸಭೆಯ ಕೆಲಸವೆಂದು ಮೇಲಿನ ನ್ಯಾಯಾಲಯವು ಅದನ್ನು ಬದಿಗಿಟ್ಟಿತು. ಹಳೆಯ ಪದ್ಧತಿಗಿಂತ ಹೊಸ ಯೋಜನೆಯಲ್ಲಿ ವಠಾರಗಳಿಗೂ ಬಡವರ ಮನೆಗಳಿಗೂ ಹೆಚ್ಚಿನ ಪಾಲಿದೆಯೆಂಬುದನ್ನು ಅದು ನಗರದ ಪರವಾಗಿ ಗಣಿಸಿತು. ಇದು ನ್ಯಾಯವಾದ ಮಾತೇ.

ಐನೂರು ಎಂಬುದು ಸಣ್ಣ ಸಂಖ್ಯೆಯೇ, ದೊಡ್ಡ ಸಂಖ್ಯೆಯೇ? ಮೇಲೆ ಕೊಟ್ಟ ಎಂಟು ವರ್ಷಗಳ ಲೆಕ್ಕವನ್ನು ಕೂಡಿದರೆ 3,484 ಮನೆಗಳಾಗುತ್ತವೆ. ಸರಾಸರಿ ವರ್ಷಕ್ಕೆ 435. ಎಂದರೆ ನಗರಸಭೆಯು ವಿಧಿಸಿದ ಮಿತಿ ಆ ಊರಿನ ಹಿಂದಣ ಸರಾಸರಿಗಿಂತ ಮೇಲಿನದು; 1970 ಮತ್ತು 1971ನ್ನು ಬಿಟ್ಟರೆ ಯಾವ ವರ್ಷವೂ ಅದನ್ನು ಮುಟ್ಟಿರಲಿಲ್ಲ. ಹಿಂದಿರುಗಿ ನೋಡುವವನಿಗೆ ಇದು ಉದಾರವಾದ ಮಿತಿ. ಮುಂದಣ ಬೇಡಿಕೆಯನ್ನು ನೋಡುವ ನಿರ್ಮಾಪಕನಿಗೆ, ಪ್ರಾಂತದಲ್ಲಿ ಮನೆಗಾಗಿ ಅಲೆಯುತ್ತಿದ್ದವನಿಗೆ, ಅದೇ ಸಂಖ್ಯೆ ಗೋಡೆಯಾಗಿ ಕಾಣುತ್ತದೆ. ಊರಿನವರು ತಮ್ಮ ನಿನ್ನೆಯನ್ನು ಅಳತೆಗೋಲಾಗಿ ಹಿಡಿದರು. ಜಿಲ್ಲಾ ನ್ಯಾಯಾಧೀಶರು ಪ್ರಾಂತದ ನಾಳೆಯನ್ನು ಹಿಡಿದರು.

ಇನ್ನು ಫಲಿತಾಂಶದ ವಿಚಾರ. 1980ರ ಜನಗಣತಿಯಲ್ಲಿ ಪೆಟಲೂಮದ ಜನಸಂಖ್ಯೆ 33,834. ಮನೆಗೆ ಮೂವರಂತೆ ವರ್ಷಕ್ಕೆ ಐನೂರು ಮನೆಗಳಾದರೆ 1972ರಿಂದ ಎಂಟು ವರ್ಷಗಳಲ್ಲಿ 12,000 ಜನ ಹೆಚ್ಚಬೇಕಾಗಿತ್ತು. ಹೆಚ್ಚಿದುದು ಅದರ ಮೂರನೆಯ ಒಂದು ಭಾಗವೂ ಅಲ್ಲ. ಇದರಲ್ಲಿ 1973–75ರ ಆರ್ಥಿಕ ಇಳಿತದ ಪಾಲೂ ಉಂಟು. ಆದರೆ ಉತ್ತರಕ್ಕೆ ಕೆಲವೇ ಮೈಲಿಗಳ ಆಚೆಗಿನ ರೋನರ್ಟ್ ಪಾರ್ಕ್ ಎಂಬ ಊರಿನ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಇಳಿತವೊಂದೇ ಕಾರಣವೆಂದು ಹೇಳಲಾಗುವುದಿಲ್ಲ. ಬಿತ್ತನೆಯ ಬೀಜಗಳನ್ನು ಬೆಳೆಯುತ್ತಿದ್ದ ಹೊಲವೊಂದರ ಮೇಲೆ ಎದ್ದು, 1962ರಲ್ಲಿ ನಗರವಾದ ಈ ಊರಿನಲ್ಲಿ 1970ರಲ್ಲಿ 6,133 ಜನರಿದ್ದರು, 1980ರಲ್ಲಿ 22,965, 1990ರಲ್ಲಿ 36,326. ಪೆಟಲೂಮದ ಹೊಲಗಳು ಉಳಿದುವು. ಅಲ್ಲಿ ಏಳಬೇಕಾಗಿದ್ದ ಮನೆಗಳಲ್ಲಿ ಹಲವು ಅದೇ ಕೌಂಟಿಯ ಇನ್ನೊಂದು ಹೊಲದಲ್ಲಿ ಎದ್ದುವೆಂದು ಊಹಿಸುವುದು ಅಸಂಗತವಾಗದು. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಷ್ವಾರ್ಟ್ಸ್, ಹ್ಯಾನ್ಸನ್ ಮತ್ತು ಗ್ರೀನ್ ಎಂಬ ವಿದ್ವಾಂಸರು 1981 ಮತ್ತು 1984ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ನೆರೆಯ ಊರುಗಳಿಗೆ ಹೋಲಿಸಿದರೆ ಪೆಟಲೂಮದ ಹೊಸ ಮನೆಗಳ ಬೆಲೆ ಏರಿತೆಂದೂ, ಸಾಧಾರಣ ಬೆಲೆಯ ಮನೆಗಳ ಪ್ರಮಾಣ ಇಳಿಯಿತೆಂದೂ ಕಂಡುಕೊಂಡರು. ಅಂಕಗಳ ಪದ್ಧತಿಯಲ್ಲಿ ಅಂದವಾದ ಮನೆಗೆ ಹೆಚ್ಚು ಅಂಕ; ಅಂದವಾದ ಮನೆಗೆ ಬೆಲೆಯೂ ಹೆಚ್ಚು.

ಹೀಗೆಂದು ಯೋಜನೆಯನ್ನು ಸ್ವಾರ್ಥದ ಕೃತ್ಯವೆಂದು ಜರೆಯುವುದು ಸರಿಯಲ್ಲ. ಕೆಲವು ವಿದ್ವಾಂಸರು ಹಾಗೆ ಜರೆದಿರುವರು. ಊರನ್ನು ಒಳಗಿನಿಂದ ತುಂಬಿಸು, ಎರಡು ಭಾಗಗಳಿಗೂ ಸಮನಾಗಿ ಹಂಚು, ಬಿಡಿಮನೆಯ ಜೊತೆಗೆ ವಠಾರವೂ ಇರಲಿ ಎಂಬ ವಿಧಿಗಳು ಅಂದಿನ ಅಮೆರಿಕದ ಸಣ್ಣ ಊರುಗಳಲ್ಲಿ ಅಪರೂಪವಾದುವು. ಸಂಖ್ಯೆಯ ಮಿತಿಯಿಲ್ಲದೆ ಈ ಹಂಚಿಕೆಯ ವಿಧಿಗಳು ಮಾತ್ರ ಇದ್ದಿದ್ದರೆ ವ್ಯಾಜ್ಯವೇ ಹುಟ್ಟದೆ ಇರಬಹುದಾಗಿತ್ತು. ನೆಲದ ಉಳಿತಾಯವೂ ಬಹುಮಟ್ಟಿಗೆ ಆಗುತ್ತಿದ್ದಿತು, ಏಕೆಂದರೆ ಎಕರೆಗೆ ನಾಲ್ಕೂವರೆಯ ಬದಲು ಒಂಬತ್ತು ಮನೆಗಳಾದರೆ ಅರ್ಧ ನೆಲ ಸಾಕು. ಆದರೆ ಮತ ಹಾಕುವವರಿಗೆ ಹಂಚಿಕೆಯ ಸೂಕ್ಷ್ಮಗಳಿಗಿಂತ ಒಂದು ದುಂಡಗಿನ ಸಂಖ್ಯೆ ಸುಲಭವಾಗಿ ತಿಳಿಯುತ್ತದೆ. ಪೆಟಲೂಮವನ್ನು ಕುರಿತು ಓದಿದ ಇತರ ಊರುಗಳಿಗೂ ಹಾಗೆಯೇ. ಕೊಲರಾಡೊ ರಾಜ್ಯದ ಬೌಲ್ಡರ್ ನಗರವು 1976ರಲ್ಲಿ ಬೆಳವಣಿಗೆಗೆ ವರ್ಷಕ್ಕೆ ನೂರಕ್ಕೆ 2ರ ಸುಮಾರಿನ ಮಿತಿಯನ್ನು ಹಾಕಿತು. ಅನುಕರಣೆಗೆ ಒದಗಿದುದು ಮಿತಿಯೇ.

ಮೇಲ್ಮನವಿ ನ್ಯಾಯಾಲಯವು ಶಾಸನಸಭೆಯತ್ತ ಬೊಟ್ಟುಮಾಡಿ ಬಿಟ್ಟ ಪ್ರಶ್ನೆಯನ್ನು ಮೊದಲು ಎತ್ತಿಕೊಂಡುದು ಇನ್ನೊಂದು ನ್ಯಾಯಾಲಯ. ಅದೇ ರಾಜ್ಯದ ಲಿವರ್‌ಮೋರ್ ನಗರದ ಮತದಾರರು, ಶಾಲೆ, ಕೊಳಚೆ, ನೀರು ಇವುಗಳ ಏರ್ಪಾಡು ಸರಿಹೋಗುವ ತನಕ ಮನೆ ಪರವಾನಗಿಗಳನ್ನು ಕೊಡಕೂಡದೆಂದು ವಿಧಿಸಿದ್ದರು. 1976ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು, ಇಂತಹ ವಿಧಿಯನ್ನು ಊರಿನ ಹಿತವೊಂದರಿಂದಲೇ ಅಳೆಯಲಾಗದು, ಅದರಿಂದ ಬಾಧಿತವಾಗುವ ಇಡೀ ಪ್ರಾಂತದ ಹಿತವನ್ನು ನೋಡಬೇಕೆಂದು ಹೇಳಿತು. 1980ರಲ್ಲಿ ಶಾಸನಸಭೆಯು ಪ್ರಾಂತದ ಅಗತ್ಯದಲ್ಲಿ ತನ್ನ ಪಾಲಿನ ಮನೆಗಳಿಗೆ ಪ್ರತಿಯೊಂದು ಊರೂ ಯೋಜನೆ ಮಾಡಬೇಕೆಂದು ಕಾಯಿದೆ ಮಾಡಿತು. ಮನೆಗಳ ಸಂಖ್ಯೆಯನ್ನು ಮಿತಗೊಳಿಸುವ ಊರು ಅದರ ಅಗತ್ಯವನ್ನು ತಾನೇ ರುಜುವಾತುಪಡಿಸಬೇಕೆಂದು ಸಾಕ್ಷ್ಯದ ಭಾರವನ್ನೂ ಬದಲಾಯಿಸಿತು. 2019ರ ಗೃಹ ಬಿಕ್ಕಟ್ಟಿನ ಕಾಯಿದೆಯು ರಾಜ್ಯದ ಬಹುತೇಕ ನಗರಗಳಲ್ಲಿ ಇಂತಹ ಹೊಸ ಸಂಖ್ಯಾಮಿತಿಗಳನ್ನು ನಿಷೇಧಿಸಿತು.

ಪೆಟಲೂಮದ ಯೋಜನೆಯು ಐದು ವರ್ಷಗಳ ಅವಧಿ ಮುಗಿದ ಮೇಲೂ ಮಾರ್ಪಾಡುಗಳೊಡನೆ ಮುಂದುವರಿಯಿತು. ಇನ್ನೂರು ಅಡಿಯ ಗೆರೆಯ ವಿಚಾರದಲ್ಲಿ ಆ ಕೌಂಟಿಯ ಜನ ಮುಂದೆ ಬೇರೆಯ ಹಾದಿಯನ್ನು ಹಿಡಿದರು. 1990ರಲ್ಲಿ ಮತದಾರರು ತಮ್ಮ ಮೇಲೆ ತಾವೇ ಒಂದು ಸಣ್ಣ ಮಾರಾಟ ತೆರಿಗೆಯನ್ನು ಹಾಕಿಕೊಂಡು, ಆ ಹಣದಿಂದ ಹೊಲಗಳನ್ನೂ ಅವುಗಳ ಮೇಲೆ ಮನೆ ಕಟ್ಟುವ ಹಕ್ಕುಗಳನ್ನೂ ಬೆಲೆ ಕೊಟ್ಟು ಕೊಳ್ಳುವ ಸಂಸ್ಥೆಯೊಂದನ್ನು ಸ್ಥಾಪಿಸಿದರು. 1998ರಲ್ಲಿ ಪೆಟಲೂಮದ ಮತದಾರರು ನಗರದ ಬೆಳವಣಿಗೆಯ ಎಲ್ಲೆಯನ್ನು ಮತದಿಂದಲೇ ನಿಗದಿಮಾಡಿದರು. 2020ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ 59,776.